ವಿಷಯ ಸಂಖ್ಯೆ ಏಳು

ಹೂಮಳೆ ಬಿದ್ದು ಒಂಬತ್ತು ದಿನ.
ಕಿಟಕಿ ತೆರೆದರೆ ಕಾಫಿ ಹೂವಿನ ಘಮ ತಲೆಗೇರುತ್ತದೆ,
ಮುಚ್ಚಿದರೆ ಸೆಕೆ, ಕರೆಂಟಿಲ್ಲ.
ತೆರೆದೇ ಇರಲಿ, ಎಂದರು ಅಧ್ಯಕ್ಷೆ ಪೊನ್ನವ್ವ.
ಜೇನುಹುಳವೊಂದು ಬಂದು ಆಯವ್ಯಯದ ಮೇಲೆ ಕೂತಿತು,
ಒಟ್ಟು ಮೊತ್ತದ ಹತ್ತಿರ.

ನಾನು ನಡವಳಿ ಬರೆಯುವವಳು.
ಹದಿಮೂರು ವರ್ಷದಿಂದ ಈ ಊರಿನ ಜಗಳಗಳನ್ನೆಲ್ಲ
‘ಚರ್ಚಿಸಲಾಯಿತು’ ಎಂಬ ಒಂದು ಪದದೊಳಗೆ
ಮಡಚಿ ಇಟ್ಟಿದ್ದೇನೆ.

ಉಳಿದ ದುಡ್ಡು ಒಂದು ಲಕ್ಷ ಅರವತ್ತು ಸಾವಿರ.
ಆಂಬ್ಯುಲೆನ್ಸಿಗೆ ನಾಲ್ಕು ಟಯರು, ಡೀಸೆಲ್ಲು, ಮೊಯ್ದುವಿನ ಗೌರವಧನ.
ಇಲ್ಲವೇ ಶಾಲೆಗೊಬ್ಬರು ಅತಿಥಿ ಶಿಕ್ಷಕಿ,
ಹುಡುಗಿಯರ ಶೌಚಾಲಯಕ್ಕೊಂದು ಬಾಗಿಲು.

‘ನೂರಾ ಎಂಟಕ್ಕೆ ಫೋನು ಮಾಡಿದರೆ ಸರ್ಕಾರದ ಗಾಡಿ ಬರುತ್ತದಲ್ಲ?’
ಎಂದರು ತಮ್ಮಯ್ಯ.
‘ಬರುತ್ತದೆ,’ ಎಂದಳು ಹಾಡಿಯ ಸದಸ್ಯೆ ಚೋಮಿ.
‘ನನ್ನ ಮಾವನಿಗೂ ಬಂತು.
ನಾವು ಗುಂಡಿ ಮುಚ್ಚುತ್ತಿದ್ದೆವು.’

ಕುಶಾಲಪ್ಪನವರು ಕನ್ನಡಕ ಹಾಕಿಕೊಂಡು ಲೆಕ್ಕ ಓದಿದರು.
ಮಕ್ಕಳು ಇಪ್ಪತ್ತಮೂರು. ಅದರಲ್ಲಿ ಅಸ್ಸಾಮಿನವು ಹದಿನಾಲ್ಕು,
ಕೊಯ್ಲು ಮುಗಿದರೆ ಹೋಗುವವು.
‘ಹೋಗುವವರಿಗೆ ಬಾಗಿಲು ಯಾಕೆ?’
ದಮಯಂತಿ ಟೀಚರಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ.
ಎದ್ದು ನಿಂತರು. ‘ಇರುವಷ್ಟು ದಿನ ಹಾಕಿಕೊಳ್ಳಲು,’
ಎಂದು ಹೇಳಿ ಕೂತರು.
ಇದನ್ನು ನಾನು ಬರೆದುಕೊಳ್ಳಲಿಲ್ಲ.

ಆಗ ಯಾರೋ ಗಾಡಿಯ ಲಾಗ್‌ಬುಕ್ಕು ತಂದು ಮೇಜಿಗೆ ಎಸೆದರು.
ದಿನಾ ಬೆಳಗ್ಗೆ ಎಂಟೂವರೆ. ಆರು ಕಿಲೋಮೀಟರು.
ರೋಗಿಯ ಹೆಸರು: ಖಾಲಿ.
‘ಯಾರಪ್ಪಾ ಈ ರೋಗಿ,
ಭಾನುವಾರ ಮಾತ್ರ ಹುಷಾರಾಗುವವನು?’

ಬಾಗಿಲಲ್ಲಿ ನಿಂತಿದ್ದ ಮೊಯ್ದು ಟವೆಲ್ಲು ಹೆಗಲಿನಿಂದ ತೆಗೆದ.
‘ಮುಳ್ಳುಬಾಣೆ ತಿರುವಿನಲ್ಲಿ ಆನೆ ಇರುತ್ತದೆ.
ಒಂದು ತಾಯಿ, ಒಂದು ಮರಿ, ಜೊತೆಗೆ ಇನ್ನೆರಡು.
ಮಕ್ಕಳು ನಡೆದು ಬರುವುದು ಅದೇ ದಾರಿ.
ತುಳಿದ ಮೇಲೆ ಎತ್ತಿಕೊಂಡು ಹೋಗುವುದಕ್ಕಿಂತ
ಮೊದಲೇ ಎತ್ತಿಕೊಂಡು ಬಂದರೆ
ಡೀಸೆಲ್ಲು ಕಡಿಮೆ.’

ಯಾರೂ ನಗಲಿಲ್ಲ. ಅವನೂ ತಮಾಷೆಗೆ ಹೇಳಿರಲಿಲ್ಲ.
‘ಮಕ್ಕಳು ಒಳಗಿರುವಾಗ ಕರೆ ಬಂದರೆ?’
‘ಬಂದಿದೆ.
ಜನವರಿಯಲ್ಲಿ. ಎಸ್ಟೇಟಿನ ಲೈನ್‌ಮನೆ, ಹೆರಿಗೆ ನೋವು.
ಇಳಿಸೋಣವೆಂದರೆ ತಿರುವಿನಲ್ಲಿ ಕಿವಿ ಅಲ್ಲಾಡುತ್ತಿತ್ತು.
ಒಂಬತ್ತನ್ನೂ ಕೂರಿಸಿಕೊಂಡೇ ಸಿದ್ದಾಪುರಕ್ಕೆ ಹೊಡೆದೆ.
ಎಂಟು ಮಕ್ಕಳು ಕಿಟಕಿಗೆ ಮುಖ ಹಾಕಿ
ಜೋರಾಗಿ ಮಗ್ಗಿ ಹೇಳಿದವು, ಕೂಗು ಕೇಳಿಸಬಾರದೆಂದು.
ಹದಿನೇಳರ ಮಗ್ಗಿಗೆ ಆಸ್ಪತ್ರೆ ಬಂತು.
ಒಬ್ಬಳು ಮಾತ್ರ ಆ ಹೆಂಗಸಿನ ಕೈ ಹಿಡಿದು ಏನೋ ಹೇಳುತ್ತಲೇ ಇದ್ದಳು.
ಐದನೇ ಕ್ಲಾಸಿನ ಮರ್ಜಿನಾ.
ಅವಳ ಭಾಷೆ ಗಾಡಿಯಲ್ಲಿ ಬರುತ್ತಿದ್ದದ್ದು ಇವಳೊಬ್ಬಳಿಗೇ.’

ಕುಶಾಲಪ್ಪನವರು ಕನ್ನಡಕ ತೆಗೆದರು,
ಒರೆಸಿದರು, ಮತ್ತೆ ಹಾಕಿಕೊಂಡರು.
ಆದರೂ ಒಂದು ಲಕ್ಷ ಅರವತ್ತು ಸಾವಿರ
ಒಂದು ಲಕ್ಷ ಅರವತ್ತು ಸಾವಿರವೇ.
ಚಹಾ ಬಂತು. ವಿಷಯ ಏಳು ಮುಂದಿನ ಸಭೆಗೆ ಹೋಯಿತು.
ಎಂಟನೆಯದು ಬೀದಿದೀಪ,
ಅದಕ್ಕೆ ಎಲ್ಲರೂ ಕೈ ಎತ್ತಿದರು.

ಸಂಜೆ ‘ಚರ್ಚಿಸಲಾಯಿತು, ಮುಂದೂಡಲಾಯಿತು’ ಎಂದು ಬರೆದು
ಸಹಿಗೆ ಜಾಗ ಬಿಟ್ಟೆ.
ಲಾಗ್‌ಬುಕ್ಕು ಮೇಜಿನ ಮೇಲೆಯೇ ಉಳಿದಿತ್ತು.
ಟೀಚರಿಂದ ಜನವರಿಯ ಹಾಜರಿ ಪಟ್ಟಿ ತರಿಸಿಕೊಂಡು
ಆ ದಿನದ ಖಾಲಿ ಜಾಗದಲ್ಲಿ
ಒಂಬತ್ತು ಹೆಸರು ಬರೆದೆ, ಒತ್ತೊತ್ತಾಗಿ.
ಮರ್ಜಿನಾ ಹೋದ ವಾರವೇ ಊರಿಗೆ ರೈಲು ಹತ್ತಿದಳಂತೆ.
ಅವಳದನ್ನೂ ಬರೆದೆ.
ಪಕ್ಕದ ಕಲಮಿನಲ್ಲಿ ‘ಕಾಯಿಲೆಯ ವಿವರ’ ಎಂದಿತ್ತು.
ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು
‘ಐದನೇ ಕ್ಲಾಸು’ ಎಂದು ತುಂಬಿದೆ.

ಜೂನಿನಲ್ಲಿ ಆಡಿಟ್ಟಿನವರು ಬರುತ್ತಾರೆ.
ಬರಲಿ.